ಫಹಾಹೀಲಿನ ದಿಬ್ಬಣ

ಬಿಸಿಲಿಗೆ ಕಾದ ಕಾರಿನ ಸೀಟಿನ ವಾಸನೆ ಬಂದರೆ ಈಗಲೂ ನನಗೆ ಕುವೈತಿನ ಫಹಾಹೀಲಿನ ಕಡಲತೀರ ನೆನಪಾಗುತ್ತದೆ.

ಅಂದು ಮಂಗಳೂರಿನಲ್ಲಿ ಚಿಕ್ಕಮ್ಮನ ಮದುವೆ. ನರ್ಸ್ ಆಗಿದ್ದ ಅಮ್ಮನಿಗೆ ಊರಿಗೆ ಹೋಗಲು ರಜೆ ಸಿಕ್ಕಿರಲಿಲ್ಲ. ಬೆಳಿಗ್ಗೆಯಿಂದ ಅವಳು ಗಡಿಯಾರ ನೋಡುತ್ತ ಮುಹೂರ್ತದ ಹೊತ್ತು ಲೆಕ್ಕ ಹಾಕುತ್ತಿದ್ದಳು. ಮಧ್ಯಾಹ್ನ ಅಪ್ಪ ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೊರಟು, ಆಫೀಸಿನ ಫ್ರೆಂಚ್ ಎಂಜಿನಿಯರ್ ಕೊಟ್ಟಿದ್ದ ಕ್ಯಾಸೆಟ್ ಹಾಕಿದರು.

"ಅವರ ದೇಶದ ರಾಕ್ ಆಲ್ಬಮ್. ಇದನ್ನು ಕೇಳಿಯೇ ಅಲ್ಲಿನ ಹುಡುಗರೆಲ್ಲ ಗಿಟಾರ್ ಹಿಡಿದದ್ದಂತೆ."

ಒಂದು ಪದವೂ ಅರ್ಥವಾಗಲಿಲ್ಲ. ಡ್ರಮ್ಮಿನ ಹೊಡೆತಕ್ಕೆ ಕಾರಿನ ಬಾಗಿಲು ನಡುಗಿತು. ಕಿಟಕಿಯಾಚೆ ನೋಡುತ್ತಿದ್ದ ಅಮ್ಮ ಇತ್ತ ತಿರುಗಿದಳು.

"ನಮ್ಮ ದಿಬ್ಬಣದ ಬ್ಯಾಂಡಿನ ಹಾಗೇ ಉಂಟಲ್ಲ ಮಾರಾಯ್ರೆ."

ಅಪ್ಪ ಸಮುದ್ರದ ಬದಿಯಲ್ಲಿ ಕಾರು ನಿಲ್ಲಿಸಿ ನಾಲ್ಕೂ ಬಾಗಿಲು ತೆರೆದರು. "ಹಾಗಾದ್ರೆ ದಿಬ್ಬಣ ಇಲ್ಲಿಂದಲೇ ಹೊರಡ್ಲಿ. ಇಳಿ."

ಎಂದೂ ಕುಣಿಯದ ಅಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲೇ ಮರಳಿನ ಮೇಲೆ ಕುಣಿದರು. ನಾನೂ ಕುಣಿದೆ. ಅಮ್ಮ ನಗು ತಡೆಯಲಾಗದೆ ಚಪ್ಪಲಿ ಬಿಟ್ಟು ಬಂದು ಸೇರಿಕೊಂಡಳು.

ಪಕ್ಕದಲ್ಲಿ ಚಾಪೆ ಹಾಸಿ ಚಹಾ ಕುಡಿಯುತ್ತಿದ್ದ ಕುವೈತಿ ಅಜ್ಜಿಯೊಬ್ಬರು ಚಪ್ಪಾಳೆ ತಟ್ಟುತ್ತ, ಏನು ಸಂಭ್ರಮವೆಂದು ಕೇಳಿದರು.

ಆಸ್ಪತ್ರೆಯಲ್ಲಿ ಕಲಿತ ಅರಬಿಯಲ್ಲಿ ಅಮ್ಮ, "ನನ್ನ ತಂಗಿಯ ಮದುವೆ," ಎಂದಳು.

ಅಜ್ಜಿ ಸುತ್ತ ನೋಡಿದರು. ಮದುಮಗಳು ಎಲ್ಲೂ ಕಾಣಲಿಲ್ಲ. ಆದರೂ ಎದ್ದು ಬಂದು, "ಮಬ್ರೂಕ್," ಎಂದು ಹರಸಿ, ಅಮ್ಮನ ಸೆರಗಿಗೆ ಬೊಗಸೆ ತುಂಬ ಖರ್ಜೂರ ಸುರಿದರು.