ಹತ್ತನೆಯ ಸಲದ ಸದ್ದು

“ದೆವ್ವ ಎಲ್ಲಿ?” ಎಂದರು ನಿರ್ಮಾಪಕರು.

ಸಿನಿಮಾ ಆಗಷ್ಟೇ ಮುಗಿದು ದೀಪ ಹತ್ತಿಕೊಂಡಿತ್ತು. ಸ್ಟುಡಿಯೋದ ಆ ಪುಟ್ಟ ಕೋಣೆಯಲ್ಲಿ ಅವರಲ್ಲದೆ ಇದ್ದವರು ಇಬ್ಬರೇ: ಮೊದಲ ಸಿನಿಮಾ ಮಾಡುತ್ತಿದ್ದ ನಿರ್ದೇಶಕಿ, ಮತ್ತು ಸಿನಿಮಾಕ್ಕೆ ಸದ್ದು ಕೂಡಿಸುವ ಸದ್ದಕ್ಕ. ಸದ್ದಕ್ಕನ ನಿಜವಾದ ಹೆಸರು ಅಲ್ಲಿ ಯಾರಿಗೂ ನೆನಪಿಲ್ಲ. ತೆರೆಯ ಮೇಲೆ ನಾಯಕಿ ಓಡಿದರೆ ಚಪ್ಪಲಿ ಸವೆಸುವವಳು ಇವಳು, ಬಾಗಿಲು ತೆರೆದರೆ ಕಿರ್ರೆನ್ನಿಸುವವಳೂ ಇವಳೇ. ಇಪ್ಪತ್ತಾರು ವರ್ಷ ಹೀಗೆ ಯಾರ್ಯಾರದೋ ಕೈಕೆಳಗೆ ದುಡಿದ ಮೇಲೆ, ಒಂದು ಇಡೀ ಸಿನಿಮಾದ ಸದ್ದು ಮೊದಲ ಸಲ ಅವಳ ಕೈಗೆ ಬಂದಿತ್ತು. ಸದ್ದಿನ ಕೆಲಸಕ್ಕೆ ತೆರೆಯ ಮೇಲೆ ಅವಳ ಹೆಸರೊಂದೇ ಬರುವುದಿತ್ತು.

ಸಿನಿಮಾದಲ್ಲಿ ಒಬ್ಬಳು ಒಂಟಿ ಹೆಂಗಸು, ಒಂದು ಮನೆ, ಬಾಗಿಲ ಪಕ್ಕ ಒಂದು ಮೊಳೆ. ಕೆಲಸದಿಂದ ಬಂದವಳು ಬಾಗಿಲು ಹಾಕಿ ಕೀ ಗೊಂಚಲನ್ನು ಆ ಮೊಳೆಗೆ ನೇತುಹಾಕುತ್ತಾಳೆ. ಒಂಬತ್ತು ಸಲ ಹೀಗೇ. ಹೊರಗೆ ಏನೇ ಆಗಿರಲಿ, ಆ ಸದ್ದು ಕೇಳಿದ ಕೂಡಲೇ ಸದ್ಯ ಮನೆ ಸೇರಿದಳಲ್ಲ ಎಂದು ನೋಡುವವರೂ ಉಸಿರು ಬಿಡುತ್ತಾರೆ. ಕೊನೆಯಲ್ಲಿ ಅವಳು ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ತರಕಾರಿ ಹೆಚ್ಚುತ್ತಿರುವಾಗ, ಹಜಾರದಿಂದ ಹತ್ತನೆಯ ಸಲ ಅದೇ ಸದ್ದು ಕೇಳಿಸುತ್ತದೆ. ಚಾಕು ನಿಲ್ಲುತ್ತದೆ. ಸಿನಿಮಾ ಅಷ್ಟೇ.

“ಜನ ಟಿಕೆಟ್ ತಗೊಂಡು ಬರೋದು ಕೀ ನೇತುಹಾಕೋದನ್ನ ನೋಡೋಕಾ?” ಎಂದರು ನಿರ್ಮಾಪಕರು. ಬಿಳಿಗಣ್ಣಿನ ಮುಖವೊಂದು ದಢಕ್ಕನೆ ಎದುರಿಗೆ ಬರಬೇಕಂತೆ, ಕುರ್ಚಿ ಅದುರುವ ಹಾಗೆ ಡ್ರಮ್ ಬಾರಿಸಬೇಕಂತೆ, ಒಂದು ಒಳ್ಳೆಯ ಕಿರುಚಾಟವಾದರೂ ಬೇಕಂತೆ. ತಾವು ಇಂಥ ಸಿನಿಮಾ ನಲವತ್ತು ವರ್ಷದಿಂದ ಅರೆದು ಕುಡಿದವರು, ಇದರಲ್ಲಿ ಮೈಮೇಲಿನ ಒಂದು ಕೂದಲೂ ನಿಮಿರಲಿಲ್ಲ ಎಂದರು. ನಾಳೆ ಹತ್ತು ಗಂಟೆಯೊಳಗೆ ಇವೆಲ್ಲ ಸೇರಬೇಕು, ಇಲ್ಲವಾದರೆ ಸದ್ದಿನ ಕೆಲಸ ಬೇರೆಯವರಿಗೆ, ಹೆಸರೂ ಬೇರೆಯವರದು. ಇಷ್ಟು ಹೇಳಿ ಮೇಜಿನ ಮೇಲಿದ್ದ ತಮ್ಮ ಕೀ ಗೊಂಚಲನ್ನು ಎತ್ತಿಕೊಂಡು ಹೊರಟೇಬಿಟ್ಟರು.

ನಿರ್ದೇಶಕಿಯ ಮುಖ ಸಣ್ಣದಾಗಿತ್ತು. ಅಕ್ಕಾ, ಒಂದೇ ಒಂದು ಕಿರುಚಾಟ ಹಾಕಿಬಿಡೋಣ, ಅದರಿಂದ ನಮ್ಮ ಗಂಟೇನು ಹೋಗುತ್ತೆ ಎಂದು ಅಂಗಲಾಚಿದಳು. ಇಪ್ಪತ್ತಾರು ವರ್ಷಕ್ಕೆ ಒಮ್ಮೆ ಸಿಕ್ಕಿದ್ದನ್ನು ಕಳೆದುಕೊಳ್ಳುವ ಭಯ ಸದ್ದಕ್ಕನಿಗೂ ಇತ್ತು. ಎದ್ದು ಕಪಾಟಿನಿಂದ ಹಳೆಯ ಕಿರುಚಾಟದ ರೆಕಾರ್ಡಿಂಗ್ ಒಂದನ್ನು ಹುಡುಕಿ ತೆಗೆದು ಹತ್ತನೆಯ ಸದ್ದಿನ ಮೇಲೆ ಕೂರಿಸಿ, ಕೊನೆಯ ದೃಶ್ಯವನ್ನು ಮತ್ತೆ ಹಾಕಿದಳು. ನಿರ್ದೇಶಕಿ ಕುರ್ಚಿಯಿಂದ ಗೇಣುದ್ದ ಹಾರಿದಳು. ಮರುಕ್ಷಣವೇ ಎದೆ ಹಿಡಿದುಕೊಂಡು ನಕ್ಕಳು.

“ನಕ್ಕೆ ನೋಡು,” ಎಂದಳು ಸದ್ದಕ್ಕ. “ಬೆಚ್ಚಿಬಿದ್ದವರು ನಗ್ತಾರೆ. ಹೆದರಿದವರು ನಗಲ್ಲ. ನಾವು ಮುಖ ತೋರಿಸಿದ್ರೆ ಅದು ನಮ್ಮ ದೆವ್ವ ಕಣಮ್ಮ, ಥಿಯೇಟರ್ ಬಾಗಿಲಲ್ಲೇ ಬಿಟ್ಟು ಹೋಗ್ತಾರೆ. ತೋರಿಸದೇ ಇದ್ರೆ, ಬಂದಿದ್ದು ಯಾರು ಅಂತ ಮನೇಲಿ ಕೂತು ಅವರೇ ಯೋಚನೆ ಮಾಡಬೇಕು.”

ಕಿರುಚಾಟವನ್ನು ಕಿತ್ತು ಮತ್ತೆ ಕಪಾಟಿಗೆ ಸೇರಿಸಿದಳು. ಆದದ್ದಾಗಲಿ ಎಂದು ಇಬ್ಬರೂ ಮನೆಗೆ ಹೋದರು.

ಮರುದಿನ ಒಂಬತ್ತೂಕಾಲಿಗೇ ನಿರ್ಮಾಪಕರು ಬಂದರು. ಗಡ್ಡ ಹೆರೆದಿರಲಿಲ್ಲ, ಕಣ್ಣು ಕೆಂಪಗಿತ್ತು. ಕರವಸ್ತ್ರದ ಗಂಟೊಂದನ್ನು ಮೇಜಿನ ಮೇಲಿಟ್ಟರು. ಎರಡು ಗಂಟು ಬಿಗಿದಿದ್ದ ಆ ಬಟ್ಟೆಯೊಳಗೆ ಅವರ ಕೀ ಗೊಂಚಲಿತ್ತು.

“ನನ್ನ ಮನೆ ಕೀ ಸದ್ದನ್ನ ಸಿನಿಮಾಕ್ಕೆ ಹಾಕಿದ್ದೀರಿ,” ಎಂದರು. “ನಾನು ಯಾವತ್ತೋ ಕೀ ಇಲ್ಲೇ ಬಿಟ್ಟುಹೋದಾಗ ಕದ್ದು ರೆಕಾರ್ಡ್ ಮಾಡ್ಕೊಂಡಿದ್ದೀರಿ. ಇದೇ ಸದ್ದು. ಮೂವತ್ತು ವರ್ಷದಿಂದ ಕೇಳಿದವನಿಗೆ ಗೊತ್ತಾಗಲ್ವಾ?”

ಹೆಂಡತಿ ತವರಿಗೆ ಹೋಗಿದ್ದಳಂತೆ. ನಿನ್ನೆ ಸಂಜೆ ಮನೆಗೆ ಹೋಗಿ ಕೀ ನೇತುಹಾಕಿ ಪೇಪರ್ ಓದುತ್ತ ಕೂತರಂತೆ. ಬಾಗಿಲಿಗೆ ಬೆನ್ನು ಹಾಕಿ ಕೂರುವುದಕ್ಕೆ ಯಾಕೋ ಆಗಲಿಲ್ಲ. ಕುರ್ಚಿ ತಿರುಗಿಸಿದರು, ಆಮೇಲೆ ಗೋಡೆಗೆ ಒತ್ತಿ ಹಾಕಿಕೊಂಡರು. ಕೊನೆಗೆ ಎದ್ದು ಹೋಗಿ ಕೀ ಗೊಂಚಲನ್ನು ಬಟ್ಟೆಯಲ್ಲಿ ಸುತ್ತಿ ಬಿಗಿದರು. ಇದನ್ನೆಲ್ಲ ಅವರು ಬೈಗುಳದ ದನಿಯಲ್ಲೇ ಹೇಳಿದರು.

ಸದ್ದಕ್ಕನಿಗೆ ಹಾಡಿಕೊಂಡು ಕುಣಿಯುವಷ್ಟು ಖುಷಿಯಾಯಿತು. ಆದರೆ ಅವಳು ಕುಣಿಯಲಿಲ್ಲ. ಮೇಜಿನ ಕೆಳಗಿನಿಂದ ಒಂದು ತಗಡಿನ ಡಬ್ಬಿ ಎಳೆದು, ಅದರೊಳಗಿದ್ದುದನ್ನು ಅವರ ಮುಂದಿಟ್ಟಳು. ಎರಡು ಚಹಾ ಚಮಚ, ಒಂದು ಕಿಟಕಿ ಪರದೆಯ ಬಳೆ, ಮೂರನ್ನೂ ಸೇರಿಸಿ ಕಟ್ಟಿದ ದಾರ.

“ನಿಜವಾದ ಕೀ ಮೈಕಿನಲ್ಲಿ ಚಿಲ್ಲರೆ ಥರ ಕೇಳಿಸುತ್ತೆ ಸರ್. ಅದಕ್ಕೇ ಇದು,” ಎಂದು ದಾರ ಹಿಡಿದು ಒಮ್ಮೆ ಅಲುಗಿಸಿದಳು.

ನಿರ್ಮಾಪಕರು ಚಮಚವನ್ನು ನೋಡಲಿಲ್ಲ. ಥಟ್ಟನೆ ತಿರುಗಿ ಬಾಗಿಲನ್ನು ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಅವರು ನಗಲಿಲ್ಲ. ನಿರ್ದೇಶಕಿ ಸದ್ದಕ್ಕನ ಕೈಯನ್ನು ಮೇಜಿನ ಕೆಳಗೆ ಗಟ್ಟಿಯಾಗಿ ಹಿಡಿದುಕೊಂಡಳು.

ನಿರ್ಮಾಪಕರು ಮತ್ತೆ ಇತ್ತ ತಿರುಗಿ ಜೇಬಿನಿಂದ ಪೆನ್ನು ತೆಗೆದರು. “ಏನೂ ಸೇರಿಸಬೇಡಿ, ಹಾಗೇ ಇರಲಿ. ನಿಮ್ಮ ಪೂರ್ತಿ ಹೆಸರು ಹೇಳಿ ಅಮ್ಮಾ, ತೆರೆ ಮೇಲೆ ತಪ್ಪಾಗಬಾರದು.”

ಸದ್ದಕ್ಕ ಹೇಳಿದಳು. ಇಪ್ಪತ್ತಾರು ವರ್ಷದಲ್ಲಿ ಆ ಕೋಣೆಯಲ್ಲಿ ಅವಳ ಹೆಸರು ಕೇಳಿಸಿದ್ದು ಅದೇ ಮೊದಲು, ಅದನ್ನು ಹೇಳುವಾಗ ಅವಳ ದನಿ ತುಸು ಜೋರಾಗಿಯೇ ಇತ್ತು. ಅವರು ಬರೆದುಕೊಂಡು ಎದ್ದು ನಡೆದರು. ಕರವಸ್ತ್ರದ ಗಂಟು ಮೇಜಿನ ಮೇಲೆಯೇ ಉಳಿದಿತ್ತು.

“ಸರ್, ನಿಮ್ಮ ಕೀ.”

“ನಿಮ್ಮ ಹತ್ರಾನೇ ಇರಲಿ,” ಎಂದರು ನಿರ್ಮಾಪಕರು, ಹಿಂತಿರುಗಿ ನೋಡದೆ. “ಸಂಜೆ ನನ್ನ ಹೆಂಡತಿ ಊರಿಂದ ಬರ್ತಾಳೆ. ಅಲ್ಲಿತನಕ ಆಫೀಸಲ್ಲೇ ಕೂತಿರ್ತೀನಿ.”