ಕತ್ತಲಾದ ಮೇಲಿನ ತುತ್ತು

ಅಸ್ಮಿತಾ ನಾಲ್ಕು ದಿನದಿಂದ ರಾತ್ರಿ ಊಟ ಮುಟ್ಟಿಲ್ಲ ಎಂದು ನೇಪಾಳದ ಮಕ್ಕಳ ಆಶ್ರಮದಿಂದ ಎರಡನೆಯ ದಿನವೂ ಫೋನು ಬಂದಾಗ, ಅಂಕಲಿ ಊರಿನ ತನ್ನ ಮನೆಯಲ್ಲಿ ಕಾಜಲ ಸಂಜೆಯ ಊಟ ಮುಗಿಸಿ ಕೈ ತೊಳೆಯುತ್ತಿದ್ದಳು. ನೀನು ಕಲಿಸಿಹೋದ ಪಾಠ, ನೀನೇ ಬಿಡಿಸು ಎಂದಳು ಮೇಲ್ವಿಚಾರಕಿ. ಊಟದ ಹೊತ್ತಿಗೆ ವಿಡಿಯೊ ಕಾಲ್ ಮಾಡುವುದಾಗಿ ಹೇಳಿ ಇಟ್ಟುಬಿಟ್ಟಳು.

ಪಾಠವಂತೆ ಪಾಠ! ಮೂರು ತಿಂಗಳು ಸೇವೆಗೆಂದು ಹೋದ ಕಾಜಲ ಅಲ್ಲಿಯೂ ಹೊತ್ತು ಮುಳುಗಿದ ಮೇಲೆ ಉಂಡವಳಲ್ಲ. ಜೈನರ ಮನೆಯ ಹುಡುಗಿ, ಹುಟ್ಟಿದಾಗಿನಿಂದ ಬಂದ ರೂಢಿ. ಏಳು ವರ್ಷದ ಅಸ್ಮಿತಾ ತಾನೂ ತಟ್ಟೆ ಹಿಡಿದು ಐದಕ್ಕೇ ಪಕ್ಕಕ್ಕೆ ಬಂದು ಕೂರುತ್ತಿದ್ದಳು. ಯಾಕೆಂದು ಕೇಳಿದಾಗ, ಕತ್ತಲಲ್ಲಿ ಉಂಡರೆ ಕಣ್ಣಿಗೆ ಕಾಣದ ಸಣ್ಣ ಜೀವಗಳು ಸಾಯುತ್ತವೆ ಎಂದು ಕಾಜಲ ಹೇಳಿದ್ದಳು. ಈಗ ಕಾಜಲ ಊರಿಗೆ ಬಂದಾಯಿತು. ಅಲ್ಲಿ ಐದಕ್ಕೆ ಬಡಿಸುವವರಿಲ್ಲ, ಎಲ್ಲರಿಗೂ ಊಟ ಏಳಕ್ಕೇ.

ಕಾಜಲಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಪಡಸಾಲೆಗೂ ಅಂಗಳಕ್ಕೂ ಹತ್ತು ಸಲ ಎಡತಾಕಿದಳು. ಹೊರಗೆ ಬೆಳಕು ನೋಡನೋಡುತ್ತಲೇ ಹೋಗುತ್ತಿತ್ತು. ಬಾಯಿಮಾತಿನಲ್ಲಿ ಹೇಳಿ ನೋಡು ಎಂದರು ತಾಯಿ ಜಿನಮತಿ.

"ನಿನ್ನೆ ಹೇಳಿ ನೋಡೀನವ್ವಾ. ನೀ ಉಂಡ್ರ ನಾನೂ ಉಣ್ತೀನಿ ಅಂತಾಳ."

"ಮುನಿಗಳ ಮುಂದ ನೇಮ ತಗೊಂಡಾಕಿ ನೀ."

"ಗೊತ್ತೈತಿ. ಕೂಸು ಉಪವಾಸ ಮಲಗಾಕತ್ತೈತಿ, ನಾ ಏನ್ ಮಾಡ್ಲಿ?"

ಜಿನಮತಿ ಮುಖ ಗಂಟು ಹಾಕಿಕೊಂಡು ಒಳಗೆ ಹೋದರು.

ಫೋನು ಬಂದಾಗ ಎರಡೂ ಊರುಗಳಲ್ಲಿ ಕತ್ತಲಾಗಿತ್ತು. ಅನ್ನ, ಬೇಳೆಯ ತಟ್ಟೆಯ ಹಿಂದೆ ಅಸ್ಮಿತಾಳ ಮುಖ ಅಂಗೈಯಷ್ಟಾಗಿತ್ತು. ಕಾಜಲ ಡಬ್ಬಿಯಲ್ಲಿ ಉಳಿದಿದ್ದ ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಬಾಯಿಗಿಟ್ಟುಕೊಂಡಳು. ಇಪ್ಪತ್ತೆರಡು ವರ್ಷ ಕಾಯ್ದುಕೊಂಡು ಬಂದದ್ದು! ಅಸ್ಮಿತಾ ಕಣ್ಣು ಮಿಟುಕಿಸದೆ ಇವಳು ನುಂಗುವುದನ್ನು ನೋಡಿದಳು. ಆಮೇಲೆ ತಟ್ಟೆಗೆ ಬಗ್ಗಿದವಳು ಒಂದು ಅಗುಳೂ ಬಿಡದೆ ಉಂಡಳು. ಹಿಂದೆ ನಿಂತ ಮೇಲ್ವಿಚಾರಕಿ ನಕ್ಕಳು. ಪಾಪವೋ ಪುಣ್ಯವೋ, ಕಾಜಲಳ ಜೀವ ತಣ್ಣಗಾಯಿತು.

ಅಸ್ಮಿತಾ ಮುಂಗೈಯಿಂದ ಬಾಯಿ ಒರೆಸಿಕೊಂಡಳು. ತನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದಳು:

"ದೀದಿ, ಕತ್ತಲಲ್ಲಿ ಉಣ್ಣೋದೇ ಇಲ್ಲ ಅಂತ ನೀನು ಅಂದಿದ್ದೆ. ಈಗ ಉಂಡೆ. ಹಾಗಾದರೆ, ಮತ್ತೆ ಬರ್ತೀನಿ ಅಂದದ್ದೂ ಹೀಗೇನಾ?"

ಹೊರಡುವ ದಿನ ಕೊರಳಿಗೆ ಜೋತುಬಿದ್ದವಳ ಅಳು ನಿಲ್ಲಿಸಲೆಂದು ಆಡಿದ ಮಾತು ಅದು. ಬಸ್ಸು ಹತ್ತುವಷ್ಟರಲ್ಲಿ ಕಾಜಲ ಅದನ್ನು ಮರೆತಿದ್ದಳು. ಈಗ ಕೈಯಲ್ಲಿ ಉಳಿದಿದ್ದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

ಜಿನಮತಿ ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದರು.

"ಹೇಳು," ಎಂದರು. "ಕೂಸು ಕೇಳಾಕತ್ತೈತಿ."