ಕೇದಿಗೆಯ ತಪ್ಪು

ಮಗ ಪರಶುರಾಮನಿಗೆ ಬುತ್ತಿ ಬಿಚ್ಚುತ್ತಿದ್ದ ಕಮಲಕ್ಕ, ಸೊಸೆ ಸರೋಜಾಳ ಪೂಜೆ ಬುಟ್ಟಿಯಿಂದ ಕೇದಿಗೆ ಹೂವನ್ನು ಕಿತ್ತು ನೆಲಕ್ಕೆ ಎಸೆದಳು. ಹರಿಹರೇಶ್ವರನ ಗುಡಿಯ ಮುಂದೆ ಇನ್ನೂ ಪೂಜೆಯೇ ಆಗಿರಲಿಲ್ಲ. ಹಸಿವು ತಡೆಯಲಾರೆನೆಂದು ಪರಶುರಾಮ ಆಗಲೇ ಕಾಲು ಮಡಚಿ ಕೂತಿದ್ದ.

“ಲಿಂಗದ ತುದಿ ಕಂಡೆ ಅಂತ ಬ್ರಹ್ಮ ಸುಳ್ಳು ಹೇಳಿದಾಗ, ಹೌದು ಅಂತ ಸಾಕ್ಷಿ ಹೇಳಿದ ಹೂವು ಇದು. ಶಿವನ ಶಾಪ ಐತೆ, ಪೂಜೆಗೆ ಬ್ಯಾಡ. ಸುಳ್ಳು ಸಾಕ್ಷಿ ನಿನಗೇನು ಹೊಸದಾ?” ಎಂದಳು ಕಮಲಕ್ಕ.

ಸರೋಜಾಳ ಮುಖಕ್ಕೆ ರಕ್ತ ನುಗ್ಗಿತು. ಕುಡಿದು ಬೈಕ್ ಓಡಿಸಿ ನೆರೆಮನೆಯ ಎತ್ತಿನ ಕಾಲು ಮುರಿದವನು ಪರಶುರಾಮ. ಆಗ ಮನೆಯಲ್ಲೇ ಇದ್ದೆನೆಂದು ತಮ್ಮೂರು ಆವರಗೆರೆಯ ಹಿರಿಯರ ಮುಂದೆ ಹೇಳಿದವನೂ ಅವನೇ. ಹೌದೆನ್ನಲು ಹೆಂಡತಿಯನ್ನು ಎಳೆದು ತಂದು ನಿಲ್ಲಿಸಿದ್ದ. ಸುಳ್ಳು ಬಯಲಾದ ಮೇಲೆ, ಮನೆಯ ದೇವರ ದೀಪ ಮುಟ್ಟಬಾರದೆಂದು ಕಮಲಕ್ಕ ಕಟ್ಟಪ್ಪಣೆ ಮಾಡಿದ್ದು ಅವಳಿಗೊಬ್ಬಳಿಗೇ.

ಸರೋಜಾ ಹೂವನ್ನೆತ್ತಿ ಧೂಳು ಕೊಡವಿದಳು.

“ಅತ್ತೆ, ಶಿವ ಬರೀ ಹೂವಿಗೆ ಶಾಪ ಕೊಡ್ಲಿಲ್ರಿ. ಮೊದಲು ಸುಳ್ಳು ಹೇಳಿದ ಬ್ರಹ್ಮಂಗೆ ಪೂಜೆನೇ ಇಲ್ಲದಂಗೆ ಮಾಡಿದ. ಇಲ್ಲಿ ನೋಡ್ರಿ, ಒಂದೇ ಮೈಯಾಗೆ ಹರಿ ಅದಾನೆ, ಹರ ಅದಾನೆ. ಆ ಬ್ರಹ್ಮಂಗೆ ಜಾಗ ಎಲ್ಲೈತೆ? ನಿಮ್ಮ ಮನ್ಯಾಗೆ ಮಾತ್ರ ಕೇದಿಗೆಗೆ ಶಾಪ, ಬ್ರಹ್ಮಂಗೆ ದಿನಾ ಬಿಸಿ ರೊಟ್ಟಿ.”

“ಅವ್ವಾ, ರೊಟ್ಟಿ ಕೊಡು,” ಎಂದು ಪರಶುರಾಮ ಕೈ ಚಾಚಿದ.

ಕಮಲಕ್ಕ ಬುತ್ತಿಯನ್ನು ಮತ್ತೆ ಗಂಟು ಕಟ್ಟಿ ಸೊಸೆಯ ಕೈಗಿಟ್ಟಳು.